ಊರು ದಾಟದ ಅಕ್ಷರ: ಗಣಕ ಕನ್ನಡದ ಶಿಷ್ಟತೆಯ ಪ್ರಶ್ನೆ

ಹತ್ತಿಮತ್ತೂರಿನಲ್ಲೋ ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಒಂದು ಠರಾವನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಆ ಬರಹವನ್ನು ಹಾಗೇ ಎತ್ತಿ ವಾಟ್ಸಾಪಿನಲ್ಲಿ ಕಳಿಸಿದರೆ, ಅದು ತಲುಪಿದ ಮೊಬೈಲಿನಲ್ಲಿ ಕನ್ನಡ ಇರುವುದಿಲ್ಲ. ‘ಕನ್ನಡ’ ಎಂಬ ಶಬ್ದವಿದ್ದ ಜಾಗದಲ್ಲಿ ಏಳು ಗುರುತುಗಳು ಸಾಲಾಗಿ ನಿಂತಿರುತ್ತವೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕಡೆಗೆ ಇನ್ನೊಮ್ಮೆ ಗೀಟಿನ ಎ. ಹಳೆಯ ಫಾಂಟುಗಳಲ್ಲಿ ಕನ್ನಡವೆಂಬುದು ಮೇಲೆ ಹೊದ್ದ ವೇಷ. ಗಣಕದ ಒಳಗೆ ಕೂತಿರುವುದು ರೋಮನ್ ಲಿಪಿಯ ಸಂಕೇತಗಳೇ. ಪಿ ಇರಬೇಕಾದಲ್ಲಿ ಕಕಾರದ ಒಡಲನ್ನೂ ಗೀಟಿನ ಎ ಇರಬೇಕಾದಲ್ಲಿ ತಲೆಕಟ್ಟನ್ನೂ ಚಿತ್ರ ಬರೆದು ಕೂರಿಸಿದ್ದಾರೆ. ಆ ಶಬ್ದದಲ್ಲಿ ತಲೆಕಟ್ಟು ಮೂರು ಸಲ ಬರುವುದರಿಂದ ಗೀಟಿನ ಎ ಕೂಡ ಮೂರು ಸಲ ಬಂದಿದೆ. ಫಾಂಟು ಇದ್ದ ಕಡೆ ಕನ್ನಡ, ಇಲ್ಲದ ಕಡೆ ಕಸ. ಯುನಿಕೋಡಿನಲ್ಲಿ ಅದೇ ಶಬ್ದಕ್ಕೆ ಐದೇ ಸಂಕೇತ: ಕ, ನ, ಹಲಂತ, ನ, ಡ. ಫಾಂಟು ಯಾವುದಾದರೇನು, ಜಗತ್ತಿನ ಯಾವ ಯಂತ್ರಕ್ಕೆ ಹೋದರೂ ಆ ಐದು ಸಂಕೇತಗಳು ಕನ್ನಡವಾಗಿಯೇ ಉಳಿಯುತ್ತವೆ.

ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡ ಅದರಲ್ಲಿ ಮೊದಲ ದಿನದಿಂದಲೂ ಇದೆ. ಕೇಂದ್ರ ಸರ್ಕಾರ 2009ರ ನವೆಂಬರಿನಲ್ಲಿ ಇ-ಆಡಳಿತಕ್ಕೆ ಯುನಿಕೋಡೇ ಶಿಷ್ಟತೆ ಎಂದು ಘೋಷಿಸಿತು. ರಾಜ್ಯ ಸರ್ಕಾರವೂ ತನ್ನ ಕಚೇರಿಗಳಿಗೆ ಅದನ್ನೇ ಬಳಸಿ ಎಂದಿತು. ಇಷ್ಟಾದ ಮೇಲೂ ಆ ಏಳು ಗುರುತುಗಳು ಏಕೆ ಕಣ್ಣಿಗೆ ಬೀಳುತ್ತಲೇ ಇವೆ? ಒಪ್ಪಿಯಾದ ಶಿಷ್ಟತೆಯನ್ನು ಜಾರಿಗೆ ತರುವುದು ಏಕೆ ಇಷ್ಟು ಕಷ್ಟ ಎಂಬ ಬಗ್ಗೆ ನಮ್ಮಲ್ಲಿ ಮೂರ್ನಾಲ್ಕು ಬಗೆಯ ಉತ್ತರಗಳಿವೆ. ಅವನ್ನು ಒಂದೊಂದಾಗಿ ತೂಗಿ ನೋಡುವುದು ಈ ಬರಹದ ಕೆಲಸ.

ಕೀಲಿಮಣೆಯಿಂದ ಸಂಕೇತದವರೆಗೆ

ಗಣಕಕ್ಕಿಂತ ಮುಂಚೆ ಇದ್ದದ್ದು ಬೆರಳಚ್ಚು ಯಂತ್ರದ ಕಾಲ. ಅಲ್ಲಿ ಶಿಷ್ಟತೆ ತಾನಾಗಿ ಬಂತು, ಏಕೆಂದರೆ ಯಂತ್ರ ಮಾಡುವವರು ಕೆಲವರೇ, ಅದನ್ನು ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರ ಒಂದೇ. ಕೆ. ಅನಂತಸುಬ್ಬರಾವ್ ರೂಪಿಸಿದ ಕೀಲಿಮಣೆ ನೆಲೆನಿಂತಿತು. ಟೈಪಿಂಗ್ ಪರೀಕ್ಷೆಗೆ ಕೂರುವವರು ಅದನ್ನೇ ಕಲಿತರು. 1980ರ ದಶಕದಲ್ಲಿ ಗಣಕ ಬಂದಾಗ ಎರಡು ದಾರಿಗಳು ಒಟ್ಟಿಗೆ ತೆರೆದವು. ಒಂದು ಕೇಂದ್ರದ ದಾರಿ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆ, 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಹೊರಡಿಸಿದ ಇಸ್ಕಿ ಎಂಬ ಸಂಕೇತ ಶಿಷ್ಟತೆ, ಇವು ಆ ದಾರಿಯ ಮೈಲುಗಲ್ಲುಗಳು. ಇನ್ನೊಂದು ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ತುಳಿದ ದಾರಿ. ಕನ್ನಡದ ಕಾಗುಣಿತವನ್ನೂ ಒತ್ತಕ್ಷರವನ್ನೂ ಉಚ್ಚಾರದ ತರ್ಕಕ್ಕೆ ಕಟ್ಟಿದರೆ ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಭಾಷೆಯನ್ನು ಬರೆಯಬಹುದು ಎಂದು ಅವರು ತೋರಿಸಿದರು. ‘ಸೇಡಿಯಾಪು’ ತಂತ್ರಾಂಶ ಆ ಯೋಚನೆಯ ಮೊದಲ ಫಲ. ಇಂದಿಗೂ ನುಡಿಯಲ್ಲಿ ಒತ್ತಕ್ಷರ ಬೇಕಾದವರು ಎಫ್ ಕೀಲಿಗೆ ಬೆರಳಿಡುವುದು ಆ ತರ್ಕದಿಂದಲೇ.

ಗಲಿಬಿಲಿಯ ಕಾಲ 1990ರ ದಶಕ. ವಿಂಡೋಸ್ ಬಂತು, ಪೇಜ್‌ಮೇಕರ್ ಬಂತು, ಡಿಟಿಪಿ ಅಂಗಡಿಗಳು ತಾಲ್ಲೂಕು ಊರುಗಳಿಗೂ ಹಬ್ಬಿದವು. ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳೊಡನೆ ಮಾರುಕಟ್ಟೆಗಿಳಿದವು. ಒಂದರಲ್ಲಿ ಮಾಡಿದ ಲಗ್ನಪತ್ರ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಅದನ್ನು ಯಾರೂ ದೊಡ್ಡ ತೊಂದರೆ ಎಂದುಕೊಳ್ಳಲೂ ಇಲ್ಲ, ಏಕೆಂದರೆ ಲಗ್ನಪತ್ರ ಕಾಗದಕ್ಕೆ ಇಳಿದರೆ ಕೆಲಸ ಮುಗಿಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಬಂದು ಮನೆಮನೆಗೆ ಕನ್ನಡ ಬರವಣಿಗೆಯನ್ನು ತಲುಪಿಸಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು, ಸರ್ಕಾರ, ತಜ್ಞರು ಸೇರಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನೂ ಫಾಂಟಿನ ಒಳಗಿನ ಸಂಕೇತಗಳನ್ನೂ ಏಕರೂಪಗೊಳಿಸಿದರು, ‘ನುಡಿ’ ಹೊರಬಂತು. ಬರಹ ಮತ್ತು ನುಡಿ ಒಂದೇ ಫಾಂಟು ಸಂಕೇತಕ್ಕೆ ಬಂದು ನಿಂತದ್ದು ಸಣ್ಣ ಸಾಧನೆಯಲ್ಲ. ಆದರೆ ಕಾಲ ಕೈಕೊಟ್ಟಿತು. ನಾವು ಫಾಂಟುಗಳ ಜಗಳ ಬಗೆಹರಿಸಿಕೊಳ್ಳುತ್ತಿದ್ದ ಅದೇ ಹೊತ್ತಿಗೆ, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ತಂದಿತ್ತು. ಮನೆಗೆ ಒಂದು ಬಾಗಿಲು ಕೂರಿಸಿ ಮುಗಿಸುವಾಗ ರಸ್ತೆಯೇ ಇನ್ನೊಂದು ಬದಿಗೆ ಹೋದಂತಾಯಿತು.

ಆದೇಶ ಬಿಗಿಯಾಗಲಿ ಎನ್ನುವವರು

ಮೊದಲ ಪಂಥದವರ ಮಾತು ನೇರ: ಸರ್ಕಾರ ಬಿಗಿಯಾಗಿ ಹೇಳಲಿಲ್ಲ, ಅದಕ್ಕೇ ಶಿಷ್ಟತೆ ಬರಲಿಲ್ಲ. ಅವರ ಕೈಯಲ್ಲಿರುವ ಬಲವಾದ ಸಾಕ್ಷಿ ‘ಭೂಮಿ’ ಯೋಜನೆ. 2001ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಗಣಕಕ್ಕೇರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ, ಅಂದರೆ ಪಹಣಿ, ಸಿಗುವಂತೆ ಮಾಡಲಾಯಿತು. ಅಷ್ಟೇ ಮಾಡಿದ್ದರೆ ಅದು ಇನ್ನೊಂದು ಸೌಲಭ್ಯ ಆಗಿ ಉಳಿಯುತ್ತಿತ್ತು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದದ್ದು ನಿರ್ಣಾಯಕ ಹೆಜ್ಜೆ. ಬ್ಯಾಂಕಿನವರಿಗೆ ಬೇಕಾದದ್ದು ಗಣಕದ ಉತಾರ. ಸಾಲ ಬೇಕಾದ ರೈತನಿಗೂ ಅದೇ ಬೇಕಾಯಿತು.

ಈ ಉದಾಹರಣೆ ಸರಿಯಾದದ್ದೇ. ಆದರೆ ಅದು ಹೇಳುವುದು ಈ ಪಂಥದವರು ಹೇಳಿಸಬೇಕೆಂದಿರುವುದನ್ನಲ್ಲ. ಭೂಮಿ ಗೆದ್ದದ್ದು ಸುತ್ತೋಲೆಯ ಖಡಕ್ ಭಾಷೆಯಿಂದಲ್ಲ. ಬೇರೆ ನಮೂನೆಯ ಕಾಗದ ಹಿಡಿದು ಬಂದವನ ಕೆಲಸ ಮುಂದಿನ ಕಿಟಕಿಯಲ್ಲಿ ನಿಲ್ಲುತ್ತಿತ್ತು, ಅದರಿಂದ. ಯುನಿಕೋಡಿನ ಆದೇಶಕ್ಕೆ ಅಂಥ ಕಿಟಕಿಯೇ ಇರಲಿಲ್ಲ. ಹಳೆಯ ಫಾಂಟಿನಲ್ಲಿ ಟೈಪಾದ ಪತ್ರವನ್ನು ಮುದ್ರಿಸಿ, ಮೊಹರು ಒತ್ತಿ, ಟಪಾಲಿಗೆ ಹಾಕಿದರೆ ಅದನ್ನು ತಿರುಗಿಸುವವರು ಯಾರು? ಕಾಗದದ ಮೇಲೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಸರ್ಕಾರಿ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ನುಡಿ ಕಲಿತವರು ಅದರ ಯುನಿಕೋಡ್ ಆಯ್ಕೆಯನ್ನು ಒತ್ತದಿದ್ದರೂ ಅವರ ಯಾವ ಕೆಲಸವೂ ಕೆಡುತ್ತಿರಲಿಲ್ಲ. ನುಡಿಯ ಈಚಿನ ಆವೃತ್ತಿಗಳು ಯುನಿಕೋಡನ್ನು ಕೊಡುತ್ತವೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಕೊರತೆ ಸಲಕರಣೆಯದಲ್ಲ.

ಬಳಕೆಯೇ ದಾರಿ ಮಾಡಿಕೊಳ್ಳುತ್ತದೆ ಎನ್ನುವವರು

ಎರಡನೆಯ ಪಂಥದವರು ನಗುತ್ತಾರೆ. ಆದೇಶವೂ ಬೇಡ ಸಮಿತಿಯೂ ಬೇಡ, ಮೊಬೈಲು ನೋಡಿ ಎನ್ನುತ್ತಾರೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡದ ಅಕ್ಷರಗಳು ಬಂದವು. ಅಲ್ಲಿಂದಾಚೆ ಊರಿನ ಹುಡುಗರು ಯಾರ ಅಪ್ಪಣೆಗೂ ಕಾಯದೆ ಯುನಿಕೋಡಿನಲ್ಲಿ ಬರೆಯತೊಡಗಿದರು, ತಾವು ಬರೆಯುತ್ತಿರುವುದು ಯುನಿಕೋಡ್ ಎಂಬ ಅರಿವೂ ಇಲ್ಲದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಯುನಿಕೋಡಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾದ ಕೇದಗೆ, ಮಲ್ಲಿಗೆ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಎಲ್ಲರ ಕೈಗೆ ಬಂದವು. ಜನಕ್ಕೆ ಬೇಕಾದದ್ದು ಸಿಕ್ಕಿದರೆ ಶಿಷ್ಟತೆ ತಾನೇ ನೆಲೆಸುತ್ತದೆ ಎಂಬುದು ಇವರ ವಾದ.

ಹೊಸ ಬರಹದ ಮಟ್ಟಿಗೆ ಇದು ನಿಜ. ಆದರೆ ಬಳಕೆ ಎಲ್ಲ ಕಡೆಗೂ ಹರಿಯುವುದಿಲ್ಲ. ಮುದ್ರಣಾಲಯದ ಕಡೆಗೆ ತಿರುಗಿದರೆ ಪೇಜ್‌ಮೇಕರ್ ಇನ್ನೂ ಜೀವಂತ. ಅದರ ಏಳನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆ. ಕನ್ನಡ ಯುನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಡಿಟಿಪಿ ಅಂಗಡಿಯವರು ಸಾವಿರಾರು ನಮೂನೆಗಳನ್ನು ಹಳೆಯ ಫಾಂಟಿನಲ್ಲೇ ಕೂಡಿಟ್ಟುಕೊಂಡರು. ಅವರ ಬಂಡವಾಳವೇ ಅದು. ಮೊಂಡುತನ ಎಂದು ಬೈದರೆ ತಪ್ಪಾಗುತ್ತದೆ. ಮಾರುಕಟ್ಟೆ ಕೈಬಿಟ್ಟ ಶಿಷ್ಟತೆಗಳೂ ಇವೆ. ಕನ್ನಡದ ಎಸ್‌ಎಂಎಸ್‌ಗೆ 70 ಅಕ್ಷರಗಳ ಮಿತಿ, ಇಂಗ್ಲಿಷಿಗೆ 160. ಈ ತಾರತಮ್ಯ ತಗ್ಗಿಸಲು ಮೊಬೈಲ್ ಶಿಷ್ಟತೆಯಲ್ಲಿ ಕನ್ನಡಕ್ಕೂ ಒಂದು ಪ್ರತ್ಯೇಕ ಸಂಕೇತಪಟ್ಟಿ ಸೇರಿದೆ. ದಿನಬಳಕೆಯಲ್ಲಿ ಅದರ ಸುಳಿವೇ ಇಲ್ಲ, ಏಕೆಂದರೆ ಕಳಿಸುವ ಫೋನು, ನಡುವಿನ ಜಾಲ, ತಲುಪುವ ಫೋನು ಮೂರೂ ಒಟ್ಟಿಗೆ ಒಪ್ಪಬೇಕು. ಮೊದಲು ನೀನು ಬದಲಾಗು ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರೆ ಬಳಕೆ ಹುಟ್ಟುವುದೆಲ್ಲಿ?

ಶಿಷ್ಟತೆಯಲ್ಲೇ ದೋಷವಿದೆ ಎನ್ನುವವರು

ಮೂರನೆಯ ಪಂಥ ಬೇರನ್ನೇ ಹಿಡಿದು ಅಲ್ಲಾಡಿಸುತ್ತದೆ. ಯುನಿಕೋಡಿನ ಕನ್ನಡ ವಿಭಾಗ ನಿಂತಿರುವುದು ಇಸ್ಕಿಯ ಮೇಲೆ, ಇಸ್ಕಿ ನಿಂತಿರುವುದು ದೇವನಾಗರಿಯ ತರ್ಕದ ಮೇಲೆ. ಅಮೆರಿಕದ ಕಂಪನಿಗಳ ಒಕ್ಕೂಟವೊಂದು ನಮ್ಮ ಅಕ್ಷರಕ್ಕೆ ಯಜಮಾನನಾಗುವುದು ಯಾವ ನ್ಯಾಯ ಎಂದು ಇವರು ಕೇಳುತ್ತಾರೆ. ಆಕ್ಷೇಪಕ್ಕೆ ಆಧಾರಗಳಿಲ್ಲದೆ ಇಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡ್ ಇಟ್ಟ ಇಂಗ್ಲಿಷ್ ಹೆಸರು ‘ಫ’. ತಪ್ಪು ಎಂದು ಆಮೇಲೆ ಗೊತ್ತಾಯಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರದೇ ಕಟ್ಟಳೆ. ಹಾಗಾಗಿ ತಪ್ಪು ಹೆಸರು ಉಳಿದೇ ಇದೆ, ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರೊಂದು ಅಂಟಿಕೊಂಡಿದೆ. ನುಕ್ತ ಮತ್ತು ಅವಗ್ರಹ ಕನ್ನಡಕ್ಕೆ ದಕ್ಕಿದ್ದು 2003ರಲ್ಲಿ. ಶಾಸನಗಳ ನಕಾರಪೊಲ್ಲು ಬಂದದ್ದು 2021ರಲ್ಲಿ.

ದಿನನಿತ್ಯದ ಕಿರಿಕಿರಿ ಇನ್ನೂ ಸೂಕ್ಷ್ಮ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಮರೆತರೆ ವಕಾರ ಹೋಗಿ ಟಕಾರದ ಕೆಳಗೆ ಒತ್ತಾಗಿ ತೂಗುತ್ತದೆ. ‘ರ‍್ಯಾಂಕ್’ ಬರೆಯುವಾಗ ಇನ್ನೊಂದು ಕಾಣದ ಸಂಕೇತ ಬೇಕು, ಇಲ್ಲದಿದ್ದರೆ ರಕಾರ ಅರ್ಕಾವೊತ್ತಾಗಿ ಬಲಕ್ಕೆ ಜಿಗಿಯುತ್ತದೆ. ಓದುವವನಿಗೆ ಕಾಣದ ಈ ಸಂಕೇತ ಹುಡುಕುವ ಯಂತ್ರಕ್ಕೆ ಕಾಣುತ್ತದೆ. ಒಬ್ಬ ಹಾಕಿ ಬರೆದದ್ದು, ಇನ್ನೊಬ್ಬ ಹಾಕದೆ ಹುಡುಕಿದರೆ ಸಿಗದೆಯೂ ಹೋಗಬಹುದು. ‘ಕೊ’ದಲ್ಲಿನ ಸ್ವರಚಿಹ್ನೆಯನ್ನಂತೂ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ.

ಹಾಗಾದರೆ ನಮ್ಮದೇ ಶಿಷ್ಟತೆ ಕಟ್ಟಿಕೊಳ್ಳೋಣವೇ? ನೆರೆಯ ತಮಿಳುನಾಡು ಆ ಪ್ರಯೋಗ ಮಾಡಿ ನೋಡಿದೆ. 1999ರಲ್ಲಿ ಚೆನ್ನೈನ ಸಮ್ಮೇಳನದಲ್ಲಿ ತನ್ನದೇ ಎಂಟು ಬಿಟ್ಟಿನ ಸಂಕೇತಗಳನ್ನೂ ಕೀಲಿಮಣೆಯನ್ನೂ ಒಪ್ಪಿತು. 2010ರಲ್ಲಿ ಯುನಿಕೋಡಿನ ಜೊತೆಗೇ, ಪ್ರತಿ ಕಾಗುಣಿತಕ್ಕೂ ಒಂದೊಂದು ಸಂಕೇತ ಕೊಡುವ ಟೇಸ್-16 ಎಂಬ ಪದ್ಧತಿಯನ್ನೂ ಅಂಗೀಕರಿಸಿತು. ತಾಂತ್ರಿಕವಾಗಿ ಅದರಲ್ಲಿ ಅಚ್ಚುಕಟ್ಟುತನವಿದೆ. ಆದರೆ ಜಗತ್ತಿನ ಫೋನುಗಳು ತಯಾರಾಗಿ ಬರುವುದು ಯುನಿಕೋಡ್ ತಮಿಳಿನೊಡನೆ. ಸರಿಯಾದ ಶಿಷ್ಟತೆಗಿಂತ ಎಲ್ಲರಲ್ಲೂ ಇರುವ ಶಿಷ್ಟತೆ ದೊಡ್ಡದು ಎಂಬ ಕಹಿಸತ್ಯ ಅಲ್ಲಿ ಕಾಣುತ್ತದೆ. ೞಕಾರದ ತಪ್ಪು ಹೆಸರಿನಲ್ಲಿ ಕಾಣುವುದೂ ಅದೇ. ಬದಲಾಗುವುದಿಲ್ಲ ಎಂಬ ಮಾತಿಗೆ ಯುನಿಕೋಡ್ ಎಷ್ಟು ಬೆಲೆ ಕೊಡುತ್ತದೆಂದರೆ ತಪ್ಪನ್ನೂ ಹೊತ್ತು ನಡೆಯುತ್ತದೆ. ಇಂದು ಬರೆದದ್ದು ಐವತ್ತು ವರ್ಷದ ಮೇಲೂ ಹಾಗೇ ತೆರೆದೀತು ಎಂಬ ಭರವಸೆಗೆ ಅಷ್ಟು ಬೆಲೆ ತೆರಬೇಕಾಗುತ್ತದೆ.

ತೂಕದ ಕಲ್ಲಿನ ಮೇಲಿನ ಮುದ್ರೆ

ಮೂರೂ ಪಂಥಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಆದರೆ ಮೂವರೂ ಗಮನಿಸದ ಜಾಗವೊಂದಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೋ ಯಾವುದೇ ಊರಿನ ವಾರದ ಸಂತೆಯನ್ನೋ ನೆನೆದುಕೊಳ್ಳಿ. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂತು ಎನ್ನುತ್ತೇವೆ. ಕಾಯ್ದೆ ಒಂದೇ ಆಗಿದ್ದರೆ ಸೇರು ಇಂದಿಗೂ ಅಳೆಯುತ್ತಿತ್ತು. ಸೇರನ್ನು ಕಿಲೋಗೆ ತಿರುಗಿಸಿದ್ದು ತೂಕದ ಕಲ್ಲಿನ ಬೆನ್ನಿಗೆ ಒತ್ತುವ ಸರ್ಕಾರಿ ಮುದ್ರೆ. ಮುದ್ರೆಯಿಲ್ಲದ ಕಲ್ಲು ಸಿಕ್ಕರೆ ದಂಡ, ಮುದ್ರೆಯನ್ನು ಗಡುವಿಗೆ ಸರಿಯಾಗಿ ಮತ್ತೆ ಹಾಕಿಸಬೇಕು, ತಪಾಸಣೆ ನಡೆಯುವುದು ಕೊಡು-ಕೊಳ್ಳುವ ತಕ್ಕಡಿಯ ಪಕ್ಕದಲ್ಲೇ. ವ್ಯಾಪಾರಿ ತನ್ನ ಮನೆಯಲ್ಲಿ ಜೋಳ ಯಾವ ಪಾವಿನಲ್ಲಿ ಅಳೆದುಕೊಂಡರೂ ಕೇಳುವವರಿಲ್ಲ.

ಗಣಕದ ಶಿಷ್ಟತೆಗೂ ಇದೇ ಸೂತ್ರ: ಒಳಗೆ ಏನು ಬಳಸುತ್ತೀರಿ ಎಂದು ಕೇಳದೆ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗದಲ್ಲಿ ತಪಾಸಣೆ ಇಟ್ಟರೆ ಶಿಷ್ಟತೆ ನಿಲ್ಲುತ್ತದೆ. ಮೊಬೈಲಿನ ವಿಷಯದಲ್ಲಿ ದೇಶ ಒಮ್ಮೆ ಹೀಗೆ ಮಾಡಿತು. 2016ರಲ್ಲಿ ಬಂದ ಭಾರತೀಯ ಮಾನಕದ ಪ್ರಕಾರ ಇಲ್ಲಿ ಮಾರುವ ಪ್ರತಿ ಫೋನೂ 22 ಭಾಷೆಗಳ ಸಂದೇಶ ತೋರಿಸಬೇಕು. ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯುವಂತಿರಬೇಕು. ಗಡುವು 2017ರಿಂದ 2018ಕ್ಕೆ ಜಾರಿದರೂ ನಿಯಮ ಜಾರಲಿಲ್ಲ, ಏಕೆಂದರೆ ನೋಂದಣಿ ಇಲ್ಲದ ಫೋನು ಮಾರಾಟಕ್ಕೇ ಇಳಿಯುವಂತಿಲ್ಲ. ‘ಇನ್ನೊಂದು ಭಾಷೆ’ ಕನ್ನಡವೇ ಆಗಬೇಕೆಂದಿಲ್ಲ ಎಂಬ ಕೊರಗು ಬೇರೆ. ಇದರ ಜೊತೆಗಿಟ್ಟು ನೋಡಿದರೆ 2009ರ ಇ-ಆಡಳಿತ ಶಿಷ್ಟತೆ ಬಡವಾಗುತ್ತದೆ. ಹಳೆಯ ಫಾಂಟಿನ ಬರಹ ಸೇರಿದರೆ ಅರ್ಜಿಯನ್ನು ಯಂತ್ರವೇ ತಿರುಗಿಸಬೇಕು, ತಂತ್ರಾಂಶ ಕೊಳ್ಳುವಾಗ ಯುನಿಕೋಡ್ ಪರೀಕ್ಷೆ ಪಾಸಾಗದೆ ಬಿಲ್ಲು ಪಾಸಾಗಬಾರದು ಎಂಬಂಥ ಬಾಗಿಲು ಅದಕ್ಕೆ ಸಿಕ್ಕಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಬಾಗಿಲು ಬಿಗಿ ಮಾಡಿದರೆ ಹೊರಗೆ ಉಳಿಯುವುದು ಬಡವ. ಹಳೆಯ ಗಣಕದಲ್ಲಿ ಅರ್ಜಿ ಬರೆಸಿಕೊಂಡು ಬಂದ ರೈತನನ್ನು ಸಂಕೇತದ ನೆಪದಲ್ಲಿ ತಿರುಗಿ ಕಳಿಸುವುದೇ? ಕಳಿಸಬಾರದು. ಭಾರ ಹೊರಬೇಕಾದದ್ದು ಬಾಗಿಲು ಇಟ್ಟವನು. ಹಳೆಯ ಸಂಕೇತವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ; ಅವನ್ನು ಕಿಟಕಿಯ ಒಳಗೆ ಕಚೇರಿಯವರೇ ಇಟ್ಟುಕೊಂಡರೆ ಅರ್ಜಿದಾರನಿಗೆ ಹೊರೆ ತಟ್ಟುವುದಿಲ್ಲ. ಇನ್ನೊಂದು ಆಕ್ಷೇಪ, ಯುನಿಕೋಡಿನಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟು ಬೇಕು, ಹಳೆಯದಕ್ಕೆ ಒಂದೇ ಸಾಕು ಎಂಬುದು. ಹಾರ್ಡ್ ಡಿಸ್ಕ್ ದುಬಾರಿಯಾಗಿದ್ದ ಕಾಲಕ್ಕೆ ಅದು ಮಾತಾಗಿತ್ತು. ಒಂದು ಮದುವೆಯ ವಿಡಿಯೋದಲ್ಲಿ ಇಡೀ ಜಿಲ್ಲೆಯ ಠರಾವುಗಳು ಕೂರುವ ಈ ಕಾಲದಲ್ಲಿ ಅಲ್ಲ.

ಊರಿನ ಹೆಸರು, ಹೊಲದ ಅಳತೆ

ಅಕ್ಷರ ಸರಿಹೋದ ಮಾತ್ರಕ್ಕೆ ಮಾಹಿತಿ ಸರಿಹೋಗುವುದಿಲ್ಲ. ‘ಹತ್ತಿಮತ್ತೂರು’ ಕನ್ನಡದಲ್ಲಿ ಒಂದೇ. ಇಂಗ್ಲಿಷಿನಲ್ಲಿ ಮೊದಲ ತ್ತ, ಎರಡನೆಯ ತ್ತ ಎರಡಕ್ಕೂ ಜೋಡಿ ಟಿ ಹಾಕಬಹುದು, ಟಿ-ಎಚ್ ಹಾಕಬಹುದು. ಊಕಾರಕ್ಕೆ ಒಂದು ಯು ಅಥವಾ ಎರಡು ಒ. ಕೊನೆಗೆ ಯು ಇಡಬಹುದು, ಬಿಡಬಹುದು. ಗುಣಿಸಿದರೆ 16 ಹತ್ತಿಮತ್ತೂರುಗಳಾದವು. ಉತಾರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಬಂದರೆ ಯಂತ್ರಕ್ಕೆ ಅವು ಮೂರು ಊರು. ಮನುಷ್ಯರ ಹೆಸರಿನ ಕಥೆಯಂತೂ ಹೇಳಿ ಮುಗಿಯದು. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಪ್ರತಿ ಹಳ್ಳಿಗೂ ಒಂದು ಸಂಖ್ಯೆ ಕೊಟ್ಟಿರುವುದು ಇದಕ್ಕೇ. ಇಂಥ ಬದಲಾಗದ ಗುರುತಿನ ಗುಣ ರೈಲ್ವೆಯವರಿಗೆ ಚೆನ್ನಾಗಿ ಗೊತ್ತು: ಹುಬ್ಳಿ ಹೋಗಿ 2014ರಲ್ಲಿ ಹುಬ್ಬಳ್ಳಿಯಾಯಿತು, ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರೂ ಬಂತು, ಟಿಕೆಟಿನ ಮೇಲಿನ ಯುಬಿಎಲ್ ಮಾತ್ರ ಕದಲಲಿಲ್ಲ. ಆದರೆ ಹಿರೇಕೆರೂರನ್ನು ಒಡೆದು ರಟ್ಟೀಹಳ್ಳಿ ತಾಲ್ಲೂಕು ಮಾಡಿದಂಥ ಸಂದರ್ಭದಲ್ಲಿ 2011ರ ಜನಗಣತಿಯ ತಾಲ್ಲೂಕು ಪಟ್ಟಿಗೂ ಇಂದಿನ ಪಟ್ಟಿಗೂ ತಾಳೆ ಹಾಕುವವರು ಎಚ್ಚರ ತಪ್ಪುವಂತಿಲ್ಲ.

ಹೊಲದ ಅಳತೆಯಲ್ಲಿ ಮೋಸ ಇನ್ನೂ ಮೆಲ್ಲಗೆ ಆಗುತ್ತದೆ. ಉತಾರದಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಪಕ್ಕದ ಹೊಲ 1.30 ಇದ್ದು, ಎರಡನ್ನೂ ಎಕ್ಸೆಲ್ಲಿನಲ್ಲಿ ಕೂಡಿಸಿದರೆ 3.50 ಎನ್ನುತ್ತದೆ. ತಲಾಠಿಯ ಲೆಕ್ಕದಲ್ಲಿ ಅದು 4.10, ಏಕೆಂದರೆ ಎಕರೆಗೆ 40 ಗುಂಟೆ. ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ ಎಂದು ರೈತನಿಗೆ ಗೊತ್ತು, ತಲಾಠಿಗೆ ಗೊತ್ತು; ಬೇರೆ ಊರಿನಿಂದ ಮಾಹಿತಿ ಇಳಿಸಿಕೊಂಡು ನಕ್ಷೆ ಬರೆಯುವವನಿಗೆ ಗೊತ್ತಿಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ಎಕರೆ ಗಾಳಿಗೆ ಹೋಯಿತು. ಇಲ್ಲಿ ಎಲ್ಲ ಅಂಕಿಯೂ ಶುದ್ಧ ಯುನಿಕೋಡೇ.

ಇತ್ಯರ್ಥವಾಗದೆ ಉಳಿದದ್ದು

ಕಾಣದ ಸಂಕೇತಗಳನ್ನು ಹುಡುಕುವಾಗ ಲೆಕ್ಕಕ್ಕೆ ಹಿಡಿಯಬೇಕೇ ಬಿಡಬೇಕೇ ಎಂಬುದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ಹೀಗೇ ಬರೆಯಬೇಕು ಎಂದು ಗೊತ್ತುಮಾಡುವ ಅಧಿಕಾರ ಯಾರದು, ಹೆಸರಿನ ಒಡೆಯನದೇ, ಕಂದಾಯ ಇಲಾಖೆಯದೇ, ಆಧಾರ್‌ನದೇ ಎಂಬುದಕ್ಕೆ ಒಮ್ಮತವಿಲ್ಲ. ಯಂತ್ರಕ್ಕೆ ಕನ್ನಡ ಕಲಿಸಲು ಹೊರಟಿರುವ ಈ ದಿನಗಳಲ್ಲಿ, ಹಳೆಯ ಫಾಂಟಿನಲ್ಲಿ ಹೂತ ಪುಸ್ತಕಗಳೂ ಪತ್ರಿಕೆಗಳೂ ಆ ಕಲಿಕೆಯಿಂದ ಹೊರಗುಳಿಯುವ ನಷ್ಟವನ್ನು ಅಳೆದವರಿಲ್ಲ.

ಎಲ್ಲಕ್ಕಿಂತ ತೊಡಕಿನದು ಹಳೆಯ ಕಡತಗಳ ಪ್ರಶ್ನೆ. ಎರಡು ದಶಕಗಳ ಠರಾವು, ನೋಟೀಸು, ನಡಾವಳಿಗಳು ಹಳೆಯ ಸಂಕೇತದಲ್ಲಿ ಕೂತಿವೆ. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತವೆ. ಎಲ್ಲೋ ಒಂದು ಒತ್ತು ಜಾರುತ್ತದೆ, ಒಂದು ದೀರ್ಘ ಬೀಳುತ್ತದೆ, ಒಬ್ಬರ ಹೆಸರು ಬದಲಾಗುತ್ತದೆ. ವಿದ್ಯುನ್ಮಾನ ದಾಖಲೆಯನ್ನು ಹುಟ್ಟಿದ ರೂಪದಲ್ಲೇ ಇಡಬೇಕು, ಇಲ್ಲವೇ ಮೂಲದ ಮಾಹಿತಿಯನ್ನೇ ನಿಖರವಾಗಿ ತೋರುತ್ತದೆ ಎಂದು ಸಾಬೀತು ಮಾಡಬಲ್ಲ ರೂಪದಲ್ಲಿ ಇಡಬೇಕು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೆಯ ಕಲಮು ಹೇಳುತ್ತದೆ. ಹುಟ್ಟಿದ ರೂಪದಲ್ಲಿ ಇಟ್ಟರೆ ಮುಂದೆ ಓದುವವರಿಲ್ಲ. ತಿರುಗಿಸಿ ಇಟ್ಟರೆ, ಪುಟ ಪುಟವನ್ನೂ ಮೂಲಕ್ಕೆ ತಾಳೆ ನೋಡಿ, ಇದು ಅದೇ ಎಂದು ಸಹಿ ಹಾಕುವವರು ಪಂಚಾಯಿತಿಯ ಪಿಡಿಒ ಅವರೋ, ತಂತ್ರಾಂಶ ಕೊಟ್ಟವರೋ, ಇನ್ನೊಬ್ಬರೋ?